ಪ್ಲ್ಯಾನ್‌ನಲ್ಲಿ ಒಂದು ರಾತ್ರಿ ಖಾಲಿ ಇರಲಿ

ಟ್ರಿಪ್ ಹೊರಡುವ ಮುಂಚೆ ನಮ್ಮ ವಯಸ್ಸಿನವರು ಮಾಡುವ ಮೊದಲ ಕೆಲಸ ಏನು ಹೇಳಿ? ವಾಟ್ಸ್ಆ್ಯಪ್ ಗ್ರೂಪ್. ಎರಡನೆಯದು ಎಕ್ಸೆಲ್ ಶೀಟ್. ಐದು ಗಂಟೆಗೆ ಸೂರ್ಯೋದಯ, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಬೋಟಿಂಗ್. ಊರಿಗೆ ವಾಪಸ್ ಬಂದಾಗ ಫೋನಿನಲ್ಲಿ ಸಾವಿರ ಫೋಟೊ ಇರುತ್ತವೆ. ಆದರೆ ಆ ಊರಿನವರ ಜೊತೆ ಹತ್ತು ನಿಮಿಷ ಕೂತು ಮಾತಾಡಿರುವುದಿಲ್ಲ. ನನ್ನ ಪ್ರಕಾರ ಎಷ್ಟೇ ಚಂದದ ಪ್ಲ್ಯಾನ್‌ನಲ್ಲೂ ಒಂದು ರಾತ್ರಿಯನ್ನು ಖಾಲಿ ಬಿಡಬೇಕು. ಆ ರಾತ್ರಿಯನ್ನು ತುಂಬಿಸುವ ಕೆಲಸ ಆ ಊರಿನವರಿಗೇ ಬಿಡಬೇಕು.

ಹೀಗೆ ಹೇಳುವುದಕ್ಕೆ ಕಾರಣ ಕಳೆದ ದೀಪಾವಳಿ. ಇಂಟರ್ನಲ್ಸ್ ಮುಗಿಸಿ ನಾವು ನಾಲ್ವರು ಗೆಳೆಯರು ಬೆನ್ನಿಗೊಂದು ಬ್ಯಾಗ್ ಏರಿಸಿ ನೇಪಾಳಕ್ಕೆ ಹೊರಟೆವು. ವಿದೇಶ ಅಂದ ತಕ್ಷಣ ಲಕ್ಷಗಟ್ಟಲೆ ದುಡ್ಡು ಬೇಕು ಅಂದುಕೊಳ್ಳಬೇಡಿ. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಡ. ರಸ್ತೆ ಮೂಲಕ ಹೋಗಲು ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ಸಾಕು. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್, ಗಡಿ ದಾಟಿ ಪೋಖರಾಕ್ಕೆ ಇನ್ನೊಂದು ಬಸ್. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60 ರೂಪಾಯಿ. ಗಡಿಯಾಚೆ ಗಡಿಯಾರ ಹದಿನೈದು ನಿಮಿಷ ಮುಂದೆ ಓಡುತ್ತದೆ, ಅಷ್ಟೇ.

ಪೋಖರಾದಲ್ಲಿ ಹಗಲು ಫೇವಾ ಸರೋವರ ಸುತ್ತಿದೆವು. ಅವತ್ತು ಲಕ್ಷ್ಮೀಪೂಜೆ. ನಮ್ಮ ದೀಪಾವಳಿಯ ಹೊತ್ತಿಗೇ ಅಲ್ಲಿ ಐದು ದಿನ 'ತಿಹಾರ್'. ಮೊದಲ ದಿನ ಕಾಗೆಗೆ, ಎರಡನೇ ದಿನ ನಾಯಿಗೆ, ಮೂರನೇ ದಿನ ಹಸುವಿಗೆ ಪೂಜೆ. ನಾಯಿಗೂ ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವಿನ ಹಾರ! ಸಂಜೆ ಮನೆಮನೆಯ ಮುಂದೆ ರಂಗೋಲಿ, ಹಣತೆ, ಬಾಗಿಲಿನಿಂದ ಒಳಗೆ ಲಕ್ಷ್ಮಿಯ ಪುಟ್ಟ ಹೆಜ್ಜೆಗಳು.

ಗೆಸ್ಟ್‌ಹೌಸ್ ನಡೆಸುವ ಅಕ್ಕನ ಮಗ ಕಾಲೇಜು ಹುಡುಗ. ಕೊರಳಿಗೆ ಮಾದಲ್ ನೇತುಹಾಕಿಕೊಂಡು ಹೊರಟಿದ್ದ. ಮಾದಲ್ ಅಂದರೆ ಪುಟ್ಟ ಮೃದಂಗದಂಥ ವಾದ್ಯ. 'ಭೈಲೋ ಹಾಡೋಕೆ ಹೋಗ್ತಿದ್ದೀವಿ, ಬರ್ತೀರಾ?' ಅಂದ. ಹೊರಟೆವು.

ಹುಡುಗ ಹುಡುಗಿಯರು ಸೇರಿ ಹದಿನೈದು ಜನರ ತಂಡ. ಜೊತೆಗೆ ಬೀದಿಯ ಇಬ್ಬರು ಹಿರಿಯರು. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಅಂಗಳದಲ್ಲಿ ಕುಣಿತ. ಮನೆಯವರು ಮೊರದಲ್ಲಿ ಅಕ್ಕಿ, ಹೂವು, ದೀಪ, ದುಡ್ಡು ಇಟ್ಟು ತರುತ್ತಾರೆ. ಜೊತೆಗೆ ಸೆಲ್ ರೋಟಿ. ಅದು ಅಕ್ಕಿಹಿಟ್ಟಿನ ಸಿಹಿ ಕರಿದ ತಿಂಡಿ, ನೋಡಲು ನಮ್ಮ ಕೋಡುಬಳೆಯ ದೊಡ್ಡಣ್ಣ. ತಂಡ ಆ ಮನೆಗೆ ಒಳ್ಳೆಯದಾಗಲಿ ಅಂತ ಹರಸಿ ಮುಂದಿನ ಮನೆಗೆ ಹೋಗುತ್ತದೆ. ಸೇರಿದ ದುಡ್ಡು ಬೀದಿಯ ಮಕ್ಕಳ ಲೈಬ್ರರಿಗೆ ಅಂತ ಮೊದಲೇ ತೀರ್ಮಾನವಾಗಿತ್ತು.

ನಾಲ್ಕನೇ ಮನೆಯಲ್ಲಿ ಅಜ್ಜಿಯೊಬ್ಬರು ನಮ್ಮ ಕಡೆ ಕೈ ತೋರಿಸಿ, 'ಇವರೂ ಹಾಡಲಿ' ಅಂದರು. ನಮ್ಮಲ್ಲೊಬ್ಬ ತೀರ್ಥಹಳ್ಳಿ ಕಡೆಯವನು. ಅಲ್ಲೂ ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆ ಇದೆಯಲ್ಲ, ಅಜ್ಜನಿಂದ ಕಲಿತಿದ್ದ ಆ ಪದವನ್ನೇ ಎತ್ತಿದ. ನಾವು ಸೊಲ್ಲಿಗೆ ಸೊಲ್ಲು ಸೇರಿಸಿದೆವು. ಮಾದಲ್ ಎರಡೇ ನಿಮಿಷದಲ್ಲಿ ತಾಳ ಹಿಡಿಯಿತು. ಅರ್ಥವನ್ನು ಹಿಂದಿಯಲ್ಲಿ ವಿವರಿಸಲು ಹೊರಟರೆ ಅಜ್ಜಿ, 'ಗೊತ್ತಾಯ್ತು ಬಿಡು' ಅನ್ನುವಂತೆ ಕೈಯಾಡಿಸಿ ನಕ್ಕರು.

ನಡುವೆ ನಡೆಯುತ್ತ ಮಾತು. ಒಬ್ಬ ಕೊರಿಯಾಕ್ಕೆ ದುಡಿಯಲು ಹೋಗುವ ಸಲುವಾಗಿ ಕೊರಿಯನ್ ಭಾಷೆಯ ಪರೀಕ್ಷೆಗೆ ಓದುತ್ತಿದ್ದ. ಕೆಲಸಕ್ಕಾಗಿ ದೇಶ ಬಿಡುವ ಚಿಂತೆ ಅಲ್ಲಿ ಪಿಯುಸಿ ಮುಗಿಯುತ್ತಲೇ ಶುರುವಾಗುತ್ತದಂತೆ. ಪ್ಲೇಸ್‌ಮೆಂಟ್ ಬಗ್ಗೆ ನಾವು ಹೇಳಿಕೊಳ್ಳುವ ಗೋಳು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳು ನಾವು ಕರ್ನಾಟಕದವರು ಅಂತ ಗೊತ್ತಾದಾಗ, 'ನಮ್ಮಪ್ಪ ಬೆಂಗಳೂರಿನಲ್ಲೇ ಇದ್ದಾರೆ, ಸೆಕ್ಯುರಿಟಿ ಗಾರ್ಡ್. ಈ ಸಲ ಹಬ್ಬಕ್ಕೆ ರಜೆ ಸಿಗಲಿಲ್ಲ' ಅಂದಳು. ಸ್ವಲ್ಪ ದೂರ ಸುಮ್ಮನೆ ನಡೆದು ಕೇಳಿದಳು: 'ಅಲ್ಲಿ ರಾತ್ರಿ ತುಂಬಾ ಚಳಿ ಇರುತ್ತಾ?'

ಈ ಪ್ರಶ್ನೆ ಯಾವ ವ್ಯೂ ಪಾಯಿಂಟ್‌ನಲ್ಲೂ ಸಿಗುವುದಿಲ್ಲ. ನಮ್ಮ ಅಪಾರ್ಟ್‌ಮೆಂಟು, ಪಿಜಿ, ಹಾಸ್ಟೆಲ್‌ಗಳ ಗೇಟಿನಲ್ಲಿ ನಿಲ್ಲುವ ನೇಪಾಳಿಗಳಿಗೆಲ್ಲ ನಮ್ಮ ಊರುಗಳು ಇಟ್ಟಿರುವುದು ಒಂದೇ ಹೆಸರು, 'ಬಹಾದ್ದೂರ್'. ಅವರ ಭಾಷೆ 1992ರಿಂದ ಕನ್ನಡದಂತೆಯೇ ನಮ್ಮ ಸಂವಿಧಾನದ ಎಂಟನೇ ಅನುಸೂಚಿಯಲ್ಲಿದೆ. ಆದರೂ ಅವರ ನಿಜವಾದ ಹೆಸರು ಕೇಳುವವರು ಎಷ್ಟು ಜನ? ಅತ್ತ ಪೋಖರಾದ ಬೀದಿಯಲ್ಲಿ ಅಪರಿಚಿತರಾದ ನಮ್ಮನ್ನು ಮೊದಲ ಮಾತಿನಲ್ಲೇ 'ಭಾಯಿ' ಅಂದರು, ಅಂದರೆ ತಮ್ಮ.

'ರಾತ್ರಿ ಗುರುತಿಲ್ಲದವರ ಜೊತೆ ಹೋಗೋದಾ?' ಅಂತ ಅಮ್ಮಂದಿರು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹೆಣ್ಣುಮಕ್ಕಳಿಗಂತೂ ಈ ಲೆಕ್ಕ ಇನ್ನೂ ಬಿಗಿ. ಖಾಲಿ ರಾತ್ರಿ ಅಂದರೆ ಬುದ್ಧಿ ಖಾಲಿ ಅಂತ ಅಲ್ಲ. ನಾವು ಹೋದದ್ದು ನಾಲ್ವರೂ ಒಟ್ಟಿಗೆ. ಕರೆದವನ ಮನೆಯೇ ನಾವಿದ್ದ ಜಾಗ. ತಂಡದಲ್ಲಿ ಹೆಂಗಸರು, ಹಿರಿಯರು ಇದ್ದರು. ಎಷ್ಟು ಹೊತ್ತಿಗೆ ವಾಪಸ್ ಅಂತ ಅಕ್ಕನಿಗೆ ಹೇಳಿದ್ದೆವು. ತಿಹಾರ್‌ನಲ್ಲಿ ಇಸ್ಪೀಟು ಮಾಮೂಲು. ಕರೆದಾಗ ನಗುತ್ತ ಬೇಡ ಅಂದೆವು, ಯಾರೂ ಬೇಸರಪಡಲಿಲ್ಲ. ಈ ನಾಲ್ಕು ವಿಷಯ ಸರಿಯಿಲ್ಲದ ಕಡೆ ರೂಮಿನಲ್ಲೇ ಮಲಗುವುದು ವಾಸಿ. ಸರಿ ಇದ್ದಲ್ಲಿ ಬರೀ ಶೀಟಿನಲ್ಲಿಲ್ಲ ಅನ್ನುವ ಕಾರಣಕ್ಕೆ ಬೇಡ ಅನ್ನಬೇಡಿ.

ನೈಟ್ ಔಟ್ ಅಂದರೆ ಪಬ್ಬು, ಬಿಲ್ಲು, ಬೆಳಿಗ್ಗೆ ತಲೆನೋವು ಅಂತಲೇ ಆಗಬೇಕಿಲ್ಲ. ಪ್ರವಾಸದಲ್ಲಿ ದುಡ್ಡು ಕೊಟ್ಟರೆ ನಾವು ಗಿರಾಕಿಗಳು, ಕರೆದರೆ ಹೋದಾಗ ಅತಿಥಿಗಳು. ಅತಿಥಿಯಾಗಿ ಬಂದವನು ತಿರುಗಿ ಆತಿಥ್ಯ ಮಾಡಬೇಕಲ್ಲ? ಅದಕ್ಕೆ ಪೋಖರಾವರೆಗೆ ಹೋಗಬೇಕಾಗಿಯೂ ಇಲ್ಲ. ನಿಮ್ಮ ಗೇಟಿನಲ್ಲಿರುವವರನ್ನು ಇವತ್ತು ರಾತ್ರಿ 'ದಾಯಿ' ಅಂತ ಕರೆದು ನೋಡಿ. ನೇಪಾಳಿಯಲ್ಲಿ ಹಾಗಂದರೆ ಅಣ್ಣ. ಹೆಸರು ಕೇಳಿ, ಊರು ಕೇಳಿ. ಚಳಿಯಿದ್ದರೆ ಒಂದು ಟೀ ಕೊಡಿಸಿ.