ಎಲ್ಲರಿಗೂ ಎಟುಕುವ ಪಾಠ

ಊರ ನಡುವೆ ಬಾವಿಯನ್ನು ತೋಡಿಸಿ, ನೀರು ಸೇದಲು ಹಗ್ಗವನ್ನೇ ಇಡದಿದ್ದರೆ ಬಾಯಾರಿದವನಿಗೆ ಅದರಿಂದ ಪ್ರಯೋಜನವೇನು? ಅಂತರಜಾಲದಲ್ಲಿ ಇಂದು ದೊರೆಯುವ ಎಷ್ಟೋ ಪಾಠಗಳು ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳ ಪಾಲಿಗೆ ಇಂತಹ ಬಾವಿಗಳೇ ಆಗಿವೆ.

ಸ್ವತಃ ಅಂಧನಾಗಿದ್ದ ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಚುಕ್ಕಿಗಳ ಲಿಪಿಯನ್ನು ಪ್ರಕಟಿಸಿ, ಬೆರಳಿನಿಂದ ಓದುವ ದಾರಿಯನ್ನು ತೋರಿದನು. ಇಂದು ಕಿವಿಯೂ ಅಂಧರ ನೆರವಿಗೆ ಬಂದಿದೆ. ಗಣಕಯಂತ್ರದ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬುದು ಉಚಿತವಾಗಿಯೇ ದೊರೆಯುತ್ತದೆ. ಆದರೆ ಓದಲು ಅಕ್ಷರಗಳಿರಬೇಕಷ್ಟೆ! ಪುಸ್ತಕದ ಪುಟವನ್ನು ಛಾಯಾಚಿತ್ರವಾಗಿ ತೆಗೆದು ಸೇರಿಸಿದರೆ, ಯಂತ್ರಕ್ಕೆ ಅದು ಕೇವಲ ಒಂದು ಚಿತ್ರ. ಕನ್ನಡಕ್ಕೆ ಇನ್ನೊಂದು ತೊಡಕೂ ಉಂಟು. ಯೂನಿಕೋಡ್ ಸಂಕೇತವು 1991ರಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ನೀಡಿದ್ದರೂ, ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠಗಳು ಇನ್ನೂ ಉಳಿದಿವೆ. ಅವು ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಈ ದೋಷಗಳನ್ನು ಕಂಡುಹಿಡಿಯುವುದು ಕಷ್ಟವಲ್ಲ. ಪಾಠವನ್ನು ಸಿದ್ಧಪಡಿಸಿದವರು ಒಮ್ಮೆ ಕಣ್ಣು ಮುಚ್ಚಿ ಅದನ್ನು ತಂತ್ರಾಂಶದಿಂದ ಕೇಳಬೇಕು. ನದಿಗಳ ನಕ್ಷೆ ಬಂದಾಗ ಯಂತ್ರವು ‘ಚಿತ್ರ’ ಎಂದಷ್ಟೇ ನುಡಿದರೆ, ‘ಕಾವೇರಿಯು ತಲಕಾವೇರಿಯಲ್ಲಿ ಹುಟ್ಟಿ, ಪೂರ್ವಕ್ಕೆ ಸಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ’ ಎಂಬ ವಿವರಣೆಯನ್ನು ಅಲ್ಲಿ ಸೇರಿಸಬೇಕು. ಮೌಸನ್ನು ಬದಿಗಿಟ್ಟು, ಕೀಲಿಮಣೆಯೊಂದರಿಂದಲೇ ಪುಟವನ್ನು ದಾಟಲಾಗುವುದೇ ಎಂದು ಪರೀಕ್ಷಿಸಬೇಕು. ಧ್ವನಿಯನ್ನು ನಿಲ್ಲಿಸಿ ದೃಶ್ಯಪಾಠವನ್ನು ನೋಡಬೇಕು. ಅಡಿಬರಹವಿಲ್ಲದಿದ್ದರೆ ಕಿವುಡ ಬಾಲಕನಿಗೆ ಅದು ಮೂಕಾಭಿನಯವೇ ಸರಿ. ಸರಿ ಉತ್ತರವನ್ನು ಹಸಿರಿನಿಂದಲೂ ತಪ್ಪನ್ನು ಕೆಂಪಿನಿಂದಲೂ ಮಾತ್ರ ಗುರುತಿಸಿದ್ದರೆ, ವರ್ಣಾಂಧತೆಯುಳ್ಳವನಿಗೆ ಭೇದವೇ ತಿಳಿಯದಿರಬಹುದು.

‘ಕೆಲವರಿಗಾಗಿ ಇಷ್ಟೊಂದು ಶ್ರಮವೇಕೆ?’ ಎಂದು ಕೇಳುವವರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ವಿದ್ಯುನ್ಮಾನ ಮಾಧ್ಯಮದ ವಿಷಯಗಳು ಇವರಿಗೂ ನಿಲುಕುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆದುದರಿಂದ ಇದು ಹಕ್ಕು, ದಾನವಲ್ಲ. ಅಲ್ಲದೆ, ಇದರ ಫಲವು ಕೆಲವರಿಗಷ್ಟೇ ಮೀಸಲಲ್ಲ. ಗದ್ದಲದ ಮನೆಯಲ್ಲಿ ಕುಳಿತು ಓದುವವನಿಗೆ ಅಡಿಬರಹ ನೆರವಾಗುತ್ತದೆ; ದಣಿದ ಕಣ್ಣುಗಳಿಗೆ ಸ್ಫುಟವಾದ ಅಕ್ಷರ ಹಿತವಾಗುತ್ತದೆ. ಶ್ರಮದ ಮಾತೂ ಅಷ್ಟೆ. ಮನೆಗೆ ಬಾಗಿಲನ್ನು ಕಟ್ಟುವಾಗಲೇ ಇಡಬೇಕು. ಕಟ್ಟಿ ಮುಗಿಸಿದ ಮೇಲೆ ಗೋಡೆಯನ್ನು ಒಡೆಯುವುದು ಇಮ್ಮಡಿ ಕೆಲಸ.

ಪಾಠವನ್ನು ಪರದೆಯ ಮೇಲೆ ಇಟ್ಟ ಮಾತ್ರಕ್ಕೆ ಕಲಿಸುವವರ ಕರ್ತವ್ಯ ಮುಗಿಯುವುದಿಲ್ಲ. ಕೊನೆಯ ಬೆಂಚಿನ ವಿದ್ಯಾರ್ಥಿಗೂ ಅದು ತಲುಪಿತೇ ಎಂದು ವಿಚಾರಿಸಿದಾಗಲೇ ಪಾಠವು ಪಾಠವೆನಿಸುತ್ತದೆ.