ಕೈ ಎದ್ದರಷ್ಟೇ ಸಾಲದು

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಲಕ್ವ ಹೊಡೆದವರಿಗೆಂದು ಮಾಡಿದ ‘ಸ್ಮಾರ್ಟ್ ಗ್ಲೌಸ್’ ಕಾಣಸಿಗುವುದುಂಟು. ಮೋಟಾರು ತಿರುಗುತ್ತದೆ, ಬೆರಳು ಮಡಚುತ್ತದೆ, ಎಷ್ಟು ಸಲ ಎಂಬ ಲೆಕ್ಕ ಮೊಬೈಲಿಗೆ ಬರುತ್ತದೆ. ಒಳ್ಳೆಯ ಪ್ರಯತ್ನವೇ. ಆದರೆ ಅಳೆಯಬೇಕಾದದ್ದನ್ನು ಬಿಟ್ಟು, ಅಳೆಯಲು ಸುಲಭವಾದದ್ದನ್ನು ಅಳೆಯುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ.

ಮೇಜಿನ ಮೇಲಿನ ಲೋಟ ತೆಗೆದುಕೊಳ್ಳಲು ಭುಜ ಎತ್ತಬೇಕು, ಮೊಣಕೈ ಚಾಚಬೇಕು, ಬೆರಳು ಬಿಚ್ಚಬೇಕು. ಹತ್ತಾರು ಸ್ನಾಯುಗಳ ಕೆಲಸವಿದು. ಇಷ್ಟನ್ನೂ ನರವ್ಯೂಹ ಹೇಗೆ ನಿಭಾಯಿಸುತ್ತದೆ ಎಂಬ ಪ್ರಶ್ನೆಯನ್ನು ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಎತ್ತಿದ್ದರು. ಒಂದೊಂದಾಗಿ ಅಲ್ಲ, ಗುಂಪುಗುಂಪಾಗಿ ಎಂಬುದು ಇಂದು ಹಲವು ಸಂಶೋಧಕರು ಕೊಡುವ ಉತ್ತರ. ಈ ಗುಂಪುಗಳಿಗೆ ‘ಸಿನರ್ಜಿ’ ಎನ್ನುತ್ತಾರೆ.

ಪಾರ್ಶ್ವವಾಯುವಿನಲ್ಲಿ ಮೊದಲು ಪೆಟ್ಟು ಬೀಳುವುದು ಸ್ನಾಯುವಿಗಲ್ಲ, ಅದನ್ನು ನಡೆಸುವ ಮಿದುಳಿಗೆ. ಹಲವರಿಗೆ ಭುಜ ಎತ್ತಲು ಹೋದರೆ ಮೊಣಕೈ ತಾನಾಗಿ ಮಡಚಿಕೊಳ್ಳುತ್ತದೆ. 2012ರಲ್ಲಿ ವಿನ್ಸೆಂಟ್ ಚುಂಗ್, ಎಮಿಲಿಯೊ ಬಿಜ್ಜಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕೈಯ ದೌರ್ಬಲ್ಯ ತೀವ್ರವಾಗಿದ್ದವರಲ್ಲಿ ಬೇರೆಬೇರೆ ಇರಬೇಕಾದ ಗುಂಪುಗಳು ಬೆರೆತುಹೋಗಿದ್ದವು. ಆಘಾತವಾಗಿ ಬಹುಕಾಲ ಕಳೆದವರಲ್ಲಿ ಕೆಲವು ಗುಂಪುಗಳು ಒಡೆದಿದ್ದವು. ಇಬ್ಬರ ಕೈಯೂ ಹೊರಗಿನಿಂದ ‘ದುರ್ಬಲ’ವೇ. ಒಳಗಿನ ಕಥೆ ಬೇರೆ.

ಇದು ನಮ್ಮ ಆ್ಯಪ್‌ಗೆ ತಿಳಿಯುವುದಿಲ್ಲ. ಕೈ ಚಾಚಲಾಗದವರು ಬೆನ್ನು ಬಗ್ಗಿಸಿ ಲೋಟ ಮುಟ್ಟಿದರೂ ಅದು ‘ಒಂದು’ ಎಂದೇ ಎಣಿಸುತ್ತದೆ. ಫಿಸಿಯೊಥೆರಪಿಸ್ಟ್ ಕಣ್ಣಿಗೆ ಮಾತ್ರ ವ್ಯತ್ಯಾಸ ಬೀಳುತ್ತದೆ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಹೇಳುವವರು ಯಾರು?

ನಮ್ಮ ಓದು ಉಪಯೋಗಕ್ಕೆ ಬರುವುದು ಇಲ್ಲೇ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವುದು ಇಎಂಜಿ. ಅನೇಕ ಸ್ನಾಯುಗಳ ಸಂಕೇತಗಳನ್ನು ಒಂದು ಮ್ಯಾಟ್ರಿಕ್ಸ್‌ನಲ್ಲಿಟ್ಟು, ಅದನ್ನು ಎರಡು ಚಿಕ್ಕ ಮ್ಯಾಟ್ರಿಕ್ಸ್‌ಗಳಾಗಿ ಒಡೆದರೆ, ಯಾವ ಸ್ನಾಯುಗಳು ಜೊತೆಯಾಗಿ, ಯಾವಾಗ ದುಡಿಯುತ್ತವೆ ಎಂದು ಗೊತ್ತಾಗುತ್ತದೆ. ಪರೀಕ್ಷೆಗೆ ಉರುಹೊಡೆದ ಮ್ಯಾಟ್ರಿಕ್ಸೇ ಇದು.

ಇಎಂಜಿ ಸುಲಭವಲ್ಲ, ನಿಜ. ಬೆವರಿದರೆ, ಎಲೆಕ್ಟ್ರೋಡ್ ಸ್ವಲ್ಪ ಸರಿದರೆ ಸಂಕೇತ ಬದಲಾಗುತ್ತದೆ. ಎರಡು-ಮೂರು ಚಾನೆಲ್‌ಗಳಿಂದ ಪೂರ್ತಿ ಸಿನರ್ಜಿ ಸಿಗುವುದೂ ಇಲ್ಲ. ಆದರೆ ಭುಜ ಎತ್ತುವಾಗ ಬೈಸೆಪ್ಸ್ ಬಿಗಿಯುತ್ತಿದೆಯೇ ಎಂದು ತೋರಿಸಲು ಎರಡು ಚಾನೆಲ್ ಸಾಕು. ಬೆನ್ನು ಬಾಗುತ್ತಿದೆಯೇ ಎನ್ನಲು ಒಂದು ಟಿಲ್ಟ್ ಸೆನ್ಸರ್ ಸಾಕು. ವಿದ್ಯಾರ್ಥಿಗಳ ಕೈಗೆಟುಕುವ ಕೆಲಸವಿದು.

ಹಾಗಾಗಿ ಇಂಥ ಪ್ರಾಜೆಕ್ಟ್ ಆರಿಸಿಕೊಂಡವರು ಮೋಟಾರು ಕೊಳ್ಳುವ ಮೊದಲು ಒಂದು ವಾರ ಫಿಸಿಯೊಥೆರಪಿ ವಿಭಾಗದಲ್ಲಿ, ಅನುಮತಿ ಪಡೆದು, ಕುಳಿತು ನೋಡಲಿ. ಆ ಗಂಟೆಗಳಿಗೂ ಕಾಲೇಜುಗಳು ಅಂಕ ಕೊಡಲಿ. ವೈವಾದಲ್ಲಿ ‘ಎಷ್ಟು ಸಲ ಮಡಚುತ್ತದೆ?’ ಎಂಬುದರ ಜೊತೆಗೆ ‘ಯಾವ ಸ್ನಾಯುವಿನಿಂದ?’ ಎಂದೂ ಕೇಳಲಿ.