ಸಾಗಿಸುವುದೋ, ಮರಳಿಸುವುದೋ

ತುಮಕೂರಿನ ಮರಳೂರನ್ನು ಇಂಗ್ಲಿಷಿಗೆ ತಿರುಗಿಸಿ ಅಂದರೆ ಏನು ಮಾಡುತ್ತೀರಿ? ಮರಳು ಅಂದರೆ ಹೊಳೆದಂಡೆಯ ಉಸುಕೂ ಹೌದು, ಹಿಂತಿರುಗಿ ಬರುವುದೂ ಹೌದು. ಊರ ಹೆಸರಾದ್ದರಿಂದ ಬಚಾವು, ಹಾಗೇ ಬರೆದುಬಿಡಬಹುದು.

ಹೀಗೆ ತಿರುಗಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಎರಡು ಮಾತಿವೆ. ‘ಟ್ರಾನ್ಸ್‌ಲೇಟ್’ ಪದದ ಲ್ಯಾಟಿನ್ ಬೇರಿನಲ್ಲಿರುವುದು ಆಚೆಗೆ ಸಾಗಿಸುವುದು. ‘ರೆಂಡರ್’ ಪದದ ಬೇರಿನಲ್ಲಿರುವುದು ಹಿಂದಕ್ಕೆ ಕೊಡುವುದು, ಅಂದರೆ ಮರಳಿಸುವುದು. ನಾವು ಎರಡಕ್ಕೂ ‘ಅನುವಾದಿಸು’ ಅಂದು ಮುಗಿಸುತ್ತೇವೆ.

ಇದೇ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಎರಡನ್ನೂ ಮಾಡಿದರು. ಈಸ್ಕಿಲಸ್‌ನ ನಾಟಕ ‘ಪಾರಸಿಕರು’ ಆದಾಗ ಪರ್ಷಿಯದ ಅರಮನೆ ಪರ್ಷಿಯದಲ್ಲೇ ಉಳಿಯಿತು. ಸೊಫೊಕ್ಲಿಸ್‌ನ ‘ಅಯಾಸ್’ ಮಾತ್ರ ‘ಅಶ್ವತ್ಥಾಮನ್’ ಆಗಿ ಕುರುಕ್ಷೇತ್ರಕ್ಕೆ ಬಂತು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ನ್ಯೂಮನ್‌ನ ಪ್ರಾರ್ಥನೆಯೊಂದಿದೆ, ‘ಕರುಣಾಳು ಬಾ ಬೆಳಕೆ’. ಮೂಲದಲ್ಲಿ ಬೆಳಕು ದಾರಿ ತೋರಿಸಬೇಕು, ಅಷ್ಟೆ, ಕೈಹಿಡಿಯುವ ಮಾತಿಲ್ಲ. ಶ್ರೀಕಂಠಯ್ಯನವರು ಕೈಹಿಡಿಸಿದರು. ಆ ಹಾಡು ನಮ್ಮ ಶಾಲೆಗಳಲ್ಲಿ, ಮನೆಗಳಲ್ಲಿ ನೆಲೆಯೂರಿತು. ಅನುವಾದವೆಂದು ಗೊತ್ತಿಲ್ಲದೆ ಹಾಡುವವರೇ ಹೆಚ್ಚು. ಮರಳಿಸುವವರ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ.

ಆದರೆ ‘ಅಶ್ವತ್ಥಾಮನ್’ ತೆತ್ತ ಬೆಲೆಯನ್ನೂ ನೋಡಬೇಕು. ಗ್ರೀಕ್ ವೀರ ಅವಮಾನ ತಾಳದೆ ತನ್ನ ಕತ್ತಿಗೇ ಬೀಳುತ್ತಾನೆ. ನಮ್ಮ ಅಶ್ವತ್ಥಾಮನೋ ಚಿರಂಜೀವಿ! ಕತೆಯನ್ನು ಇಲ್ಲಿಗೆ ತಂದ ಮೇಲೆ ಸಾಯದವನನ್ನೂ ಸಾಯಿಸಬೇಕಾಯಿತು. ಗ್ರೀಕರಿಗೂ ಸಲ್ಲದ, ವ್ಯಾಸರಿಗೂ ಸಲ್ಲದ ಸಾವು ಅದು ಎಂದು ಯಾರಾದರೂ ಗೊಣಗಿದರೆ ತಪ್ಪೆನ್ನಲಾರೆ. ಕನ್ನಡದಲ್ಲಿ ದುರಂತ ನಾಟಕವೊಂದು ನಿಂತದ್ದು ಆ ಸಾವಿನಿಂದಲೇ ಎಂದರೆ ಅದಕ್ಕೂ ತಲೆದೂಗುತ್ತೇನೆ.

ಕ್ರಯಪತ್ರ, ಔಷಧದ ಚೀಟಿ, ಕೋರ್ಟಿನ ತೀರ್ಪು ಇವುಗಳಲ್ಲಿ ಈ ಚರ್ಚೆಯೇ ಇಲ್ಲ: ಇದ್ದದ್ದನ್ನು ಇದ್ದಹಾಗೆ ಸಾಗಿಸಬೇಕು. ಕ್ರಯಪತ್ರದ ಗಡಿರೇಖೆಗೆ ಯಾರೂ ಕೈಹಿಡಿಸಬಾರದು.

ಪುಸ್ತಕದ ವಿಷಯದಲ್ಲಿ ನನ್ನ ಒಲವು ಮರಳಿಸುವವರ ಕಡೆಗೇ. ಅವರಲ್ಲಿ ಒಂದೇ ಕೋರಿಕೆ: ಮಾಡಿದ್ದು ಅನುವಾದವೋ ರೂಪಾಂತರವೋ, ಮುಖಪುಟದಲ್ಲೇ ಅಚ್ಚು ಹಾಕಿಸಿ.